ಮೊದಲ ಗೆರೆ

ನಾಯೆಲಿ ಪರದೆಯ ಮೇಲೆ ಮತ್ತೆ ತಪ್ಪು ಉತ್ತರ ಒತ್ತಿದಳು.

ಲೆಕ್ಕದ ಶಿಕ್ಷಕಿ ವೆರ್ನಾ ಟ್ರೆವಿನ್ಯೊ ಅವಳ ಬೆನ್ನ ಹಿಂದೆಯೇ ನಿಂತಿದ್ದಳು. ನಿನ್ನೆ ಬೋರ್ಡಿನ ಮುಂದೆ ಸರಸರನೆ ಭಾಗಾಕಾರ ಮಾಡಿ ತೋರಿಸಿದ ಹುಡುಗಿ ಇವಳೇ. ಇವತ್ತು ಮಗ್ಗಿಯೂ ಬಾರದವಳಂತೆ ಒತ್ತುತ್ತಿದ್ದಾಳೆ. ಪಕ್ಕದ ಹುಡುಗನದೂ ತಪ್ಪು, ಅವನಾಚೆಯವಳದೂ ತಪ್ಪು. ಪರೀಕ್ಷೆ ನಡೆಸುವ ಶಿಕ್ಷಕಿ ಮಕ್ಕಳ ಪರದೆ ಕಣ್ಣಿಗೆ ಬಿದ್ದರೂ ಏನೂ ಹೇಳುವಂತಿಲ್ಲ, ಕೆಮ್ಮಿ ಎಚ್ಚರಿಸುವಂತೆಯೂ ಇಲ್ಲ. ಹಾಗೆಂದು ಬೆಳಿಗ್ಗೆ ಪ್ರಮಾಣ ಮಾಡಿಸಿಕೊಂಡಿದ್ದರು. ಗೋಡೆಯ ಮೇಲಿನ ಮಗ್ಗಿಗೆ ಕಂದು ಕಾಗದ ಹೊದಿಸಿದ್ದರು.

ಹಿಂದಿನ ಕುರ್ಚಿಯಲ್ಲಿ ರಾಜಧಾನಿಯಿಂದ ಬಂದ ತನಿಖಾಧಿಕಾರಿ ಹ್ಯಾಸ್ಕೆಲ್ ಕೂತಿದ್ದ. ಅವನು ಬಂದದ್ದು ಹೋದ ವರ್ಷದ ಅಂಕಗಳಿಗಾಗಿ. ಸೆಪ್ಟೆಂಬರಿನ ಪರೀಕ್ಷೆಯಿಂದ ಮೇ ತಿಂಗಳ ಪರೀಕ್ಷೆಗೆ ಮಕ್ಕಳು ಎಷ್ಟು ಮೇಲೇರಿದರೆಂದು ಅಳೆದು, ಹೆಚ್ಚು ಏರಿಸಿದ ಶಿಕ್ಷಕರಿಗೆ ರಾಜ್ಯ ಪ್ರೋತ್ಸಾಹಧನ ಕೊಡುತ್ತದೆ. ಪಶ್ಚಿಮ ಟೆಕ್ಸಸ್‌ನ ಈ ಧೂಳು ತಿನ್ನುವ ಊರಿನಲ್ಲಿ ಅದು ಸಿಕ್ಕಿದ್ದು ವೆರ್ನಾಳಿಗೇ ಮೊದಲು. ಹಿಂದಿನ ಲೆಕ್ಕದ ಶಿಕ್ಷಕರೆಲ್ಲ ಅಂಕ ಏರದೆ, ಹಣ ಬಾರದೆ, ವರ್ಷ ತುಂಬುವಷ್ಟರಲ್ಲಿ ಗಂಟುಮೂಟೆ ಕಟ್ಟಿದ್ದರು. ವೆರ್ನಾ ಬಂದ ದಿನ ಮಕ್ಕಳು ಕೇಳಿದ ಮೊದಲ ಪ್ರಶ್ನೆಯೇ, "ನೀವು ಯಾವಾಗ ಹೋಗ್ತೀರಿ ಮಿಸ್?"

"ಮೇ ತಿಂಗಳದು ಸರಿಯಾಗೇ ಇದೆ ಮೇಡಂ," ಎಂದಿದ್ದ ಹ್ಯಾಸ್ಕೆಲ್, ಬೆಳಿಗ್ಗೆ. "ನನಗೆ ಅನುಮಾನ ಸೆಪ್ಟೆಂಬರಿನ ಮೇಲೆ. ಕ್ಲಾಸಿಗೆ ಕ್ಲಾಸೇ ಅಷ್ಟು ದಡ್ಡವಾಗಿರುತ್ತಾ? ಬೇಕಂತಲೇ ತಪ್ಪು ಮಾಡಿ ಅಂತ ಯಾರೋ ಹೇಳ್ಕೊಟ್ಟಿರ್ಬೇಕು."

"ನಾನಂತೂ ಅಲ್ಲ."

"ಇವತ್ತು ಗೊತ್ತಾಗುತ್ತೆ ಬಿಡಿ. ಇದು ಹೊಸ ಕ್ಲಾಸು, ಈ ವರ್ಷದ ಸೆಪ್ಟೆಂಬರ್ ಪರೀಕ್ಷೆ. ಇವರೂ ಹಂಗೇ ಮಾಡಿದ್ರೆ ನಿಮ್ಮ ಲೈಸೆನ್ಸ್ ಹೋಯ್ತು ಅಂತಾನೇ ತಿಳ್ಕೊಳ್ಳಿ."

ಬಾಗಿಲ ಚೌಕಟ್ಟಿನ ಪೆನ್ಸಿಲ್ ಗೆರೆಗಳನ್ನು ತೋರಿಸಿ ಅದೇನೆಂದೂ ಕೇಳಿದ್ದ. ಮಕ್ಕಳ ಎತ್ತರ. ಶಾಲೆ ಶುರುವಾದಾಗ ಒಂದು ಗೆರೆ, ಮುಗಿಯುವಾಗ ಇನ್ನೊಂದು. ಹೆಚ್ಚು ಬೆಳೆದವರಿಗೆ ವೆರ್ನಾ ಕೈಯಾರೆ ಮಾಡಿದ ಕಪ್‌ಕೇಕ್. ಈ ತರಗತಿಯ ಮೊದಲ ಗೆರೆ ಎಳೆದದ್ದು ಹೋದ ವಾರ. "ಮೊಣಕಾಲು ಬಗ್ಗಿಸ್ಬೇಡ್ರೋ ಕಳ್ಳರಾ, ನೆಟ್ಟಗೆ ನಿಂತ್ಕೊಳ್ಳಿ" ಎಂದು ಬೈದು ಬೈದು ಅವಳ ಗಂಟಲು ಕಟ್ಟಿತ್ತು. ಅದನ್ನು ಹೇಳಿದಾಗಲೂ ಹ್ಯಾಸ್ಕೆಲ್ ನಗಲಿಲ್ಲ.

ಈಗ ಅವಳಿಗೆ ಹೊಳೆದದ್ದು ಒಂದೇ ಹೆಸರು. ಎದುರು ಕೋಣೆಯ ಶಿಕ್ಷಕ ಬಕ್ಲಿ. ಪ್ರೋತ್ಸಾಹಧನ ಕೈತಪ್ಪಿದಾಗಿನಿಂದ ಅವನ ಮುಖ ಗಂಟು. "ಗುಂಡಿಯಿಂದ ಹತ್ತಿಸಿದ್ರೆ ಯಾರು ಬೇಕಾದ್ರೂ ಎತ್ತರ ಹತ್ತಿಸ್ಬಹುದು ಬಿಡಮ್ಮ" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಚುಚ್ಚಿದ್ದ. ನಿನ್ನೆ ಊಟದ ಹೊತ್ತಿನಲ್ಲಿ ಹೋದ ವರ್ಷ ಇವಳ ಬಳಿ ಕಲಿತು ಈಗ ಅವನ ಐದನೇ ತರಗತಿಗೆ ಹೋದವರು ಬಂದು ಇವಳ ಮಕ್ಕಳ ನಡುವೆ ಕೂತಿದ್ದರು. ನಾಯೆಲಿಯ ಅಕ್ಕನೂ ಇದ್ದಳು. ತಲೆಗೆ ತಲೆ ತಾಗಿಸಿ ಗುಸುಗುಸು. ಕಳಿಸಿದವನು ಬಕ್ಲಿಯೇ ಇರಬೇಕು. ರಾಜಧಾನಿಗೆ ದೂರು ಕೊಟ್ಟವನೂ ಅವನೇ.

ಪರೀಕ್ಷೆ ಮುಗಿಯಿತು. ಹ್ಯಾಸ್ಕೆಲ್ ಅಂಕಗಳ ಮೇಲೆ ಕಣ್ಣಾಡಿಸಿ ನಾಯೆಲಿಯನ್ನು ಕರೆದ.

"ಏಳೆಂಟಲ ಎಷ್ಟು ಪುಟ್ಟಿ?"

"ಐವತ್ತಾರು."

"ಮತ್ತೆ ಇಲ್ಲಿ ಹದಿನೈದು ಅಂತ ಯಾಕೆ ಒತ್ತಿದೆ? ಯಾರು ಹೇಳಿದ್ರು?"

ನಾಯೆಲಿ ವೆರ್ನಾಳ ಮುಖ ನೋಡಿದಳು. ನೋಡಬಾರದಿತ್ತು. ಹ್ಯಾಸ್ಕೆಲ್ ಆ ನೋಟವನ್ನು ಗಮನಿಸಿದ.

"ಯಾರೂ ಇಲ್ಲ ಸರ್."

"ಸಾಕು, ಹೋಗಮ್ಮ." ಅವನು ಎದ್ದು ಟೋಪಿ ಕೈಗೆತ್ತಿಕೊಂಡ. "ವರದಿ ಇವತ್ತೇ ಕಳಿಸ್ತೀನಿ ಮೇಡಂ. ನಾಳೆಯಿಂದ ಕ್ಲಾಸಿಗೆ ಬರ್ಬೇಡಿ."

"ದೇವರಾಣೆಗೂ ನಾನು..."

"ಸಿಕ್ಕಿಬಿದ್ದೋರೆಲ್ಲ ಹಾಗೇ ಅನ್ನೋದು."

ಅವನ ಕಾರು ಧೂಳೆಬ್ಬಿಸಿ ಹೋಯಿತು. ವೆರ್ನಾ ಮಕ್ಕಳ ಪುಟ್ಟ ಕುರ್ಚಿಯಲ್ಲೇ ಕುಸಿದಳು. ಇನ್ನು ಯಾವ ಶಾಲೆಯೂ ಅವಳನ್ನು ಒಳಗೆ ಬಿಡುವುದಿಲ್ಲ. ಬಕ್ಲಿ ಬಾಗಿಲಲ್ಲಿ ಇಣುಕಿ, ಅವಳ ಮುಖ ಕಂಡು, "ಏನಾಯ್ತು ವೆರ್ನಾ? ನೀರು ತರ್ಲಾ?" ಎಂದು ಓಡಿದ. ಅವನ ದನಿಯಲ್ಲಿದ್ದದ್ದು ನಿಜವಾದ ಗಾಬರಿ.

ನಾಯೆಲಿ ಬಂದು ಅವಳ ಭುಜ ಮುಟ್ಟಿದಳು. ಮುಖದಲ್ಲಿ ಹೆಮ್ಮೆ.

"ಹೆದರ್ಬೇಡಿ ಮಿಸ್, ನಾನು ಬಾಯೇ ಬಿಡ್ಲಿಲ್ಲ. ಹೋದ್ವರ್ಷ ಅಕ್ಕನ ಕ್ಲಾಸಿನೋರು ಮಾಡಿದ್ದನ್ನೇ ನಮಗೂ ಹೇಳ್ಕೊಟ್ಟಿದ್ರು: ಪರೀಕ್ಷೇಲೂ ಗೆರೆ ಥರಾನೇ, ಈಗ ಮೊಣಕಾಲು ಬಗ್ಗಿಸಿದ್ರೆ ಆಮೇಲೆ ಜಾಸ್ತಿ ಬೆಳೆದಂಗೆ ಕಾಣುತ್ತೆ, ಆಗ ನೀವು ನಮ್ಮನ್ನ ಬಿಟ್ಟು ಹೋಗಲ್ಲ."