ಶನಿವಾರದವರೆಗೂ ನಾಲ್ಕು ಡಿಗ್ರಿ

ಲಸಿಕೆಯ ಫ್ರಿಜ್ಜಿನ ಬಾಗಿಲು ತೆರೆದರೆ ಮುಖಕ್ಕೆ ತಣ್ಣನೆಯ ಗಾಳಿ ಬಡಿಯಲಿಲ್ಲ. ದೊಡ್ಡ ಸಿಸ್ಟರ್ ಒಳಗೆ ಕೈ ಹಾಕಿ ಒಂದು ಸೀಸೆ ಮುಟ್ಟಿದಳು. ತಣ್ಣಗಿರಲಿಲ್ಲ. ಥರ್ಮಾಮೀಟರು ಇಪ್ಪತ್ತಮೂರು ಡಿಗ್ರಿ ತೋರಿಸುತ್ತಿತ್ತು. ಬಗ್ಗಿ ನೋಡಿದರೆ ಪ್ಲಗ್ಗು ನೆಲದ ಮೇಲಿತ್ತು. ಅದರ ಜಾಗದಲ್ಲಿ, ನಿನ್ನೆ ಗೋಡೆ ಉಜ್ಜಲು ಬಂದ ಪೇಂಟರುಗಳ ಯಂತ್ರದ ವೈರು ಹಾಯಾಗಿ ಕೂತಿತ್ತು. ಹೊರಗೆ ಬೆಂಚುಗಳ ಮೇಲೆ ಹದಿನೇಳು ತಾಯಂದಿರು, ಹದಿನೆಂಟು ಮಕ್ಕಳು ಕಾಯುತ್ತಿದ್ದರು.

ಫ್ರಿಜ್ಜಿನ ಬಾಗಿಲಿಗೆ ದಾರ ಕಟ್ಟಿ ತೂಗುಹಾಕಿದ್ದ ಉಷ್ಣತೆಯ ಪುಸ್ತಕಕ್ಕೆ ಮಾತ್ರ ಇದರ ಬಿಸಿ ತಟ್ಟಿರಲಿಲ್ಲ. ನಿನ್ನೆ ಸಂಜೆ, ನಾಲ್ಕು ಡಿಗ್ರಿ. ಇಂದು ಬೆಳಿಗ್ಗೆ, ನಾಲ್ಕು ಡಿಗ್ರಿ. ಇಂದು ಸಂಜೆ, ಇನ್ನೂ ಆಗದ ಸಂಜೆ, ಅದೂ ನಾಲ್ಕು ಡಿಗ್ರಿ. ಹೀಗೆ ಶನಿವಾರದವರೆಗೂ ಅವಳದೇ ದುಂಡಗಿನ ಅಕ್ಷರ, ಅವಳದೇ ಸಹಿ. ದಿನಕ್ಕೆರಡು ಸಲ ನೋಡಿ ಬರೆಯಬೇಕೆಂಬುದು ನಿಯಮ. ಸೋಮವಾರ ಚಹಾ ಕುಡಿಯುತ್ತಾ ಇಡೀ ವಾರದ್ದನ್ನು ಒಟ್ಟಿಗೇ ಬರೆದು ಕೈ ತೊಳೆದುಕೊಳ್ಳುವುದು ಪದ್ಧತಿ. ಹಿಂದೆ ಇದ್ದ ಸಿಸ್ಟರ್ ಕಲಿಸಿಕೊಟ್ಟದ್ದು. "ಇದು ಗಟ್ಟಿ ಫ್ರಿಜ್ಜಮ್ಮಾ, ನಾಲ್ಕು ಬಿಟ್ಟು ಅಲ್ಲಾಡಲ್ಲ" ಎಂದಿದ್ದರು. ನಿನ್ನೆ ಸಂಜೆ ಒಮ್ಮೆ ಇಣುಕಿದ್ದರೆ ಸಾಕಿತ್ತು. ಬರೆದಾಗಿರುವುದನ್ನು ಮತ್ತೇನು ನೋಡುವುದು ಎಂದು ಮನೆಗೆ ಹೋಗಿದ್ದಳು.

ಡಾಕ್ಟರು ಬಂದರು. ಸೀಸೆ ಮುಟ್ಟಿದರು, ಪುಸ್ತಕ ನೋಡಿದರು, ಕೊನೆಗೆ ಅವಳ ಮುಖ ನೋಡಿದರು.

"ಪ್ಲಗ್ ಯಾವಾಗ ಕಿತ್ತಿದ್ದು?"

"ನಿನ್ನೆ ಮಧ್ಯಾಹ್ನ ಇರಬೇಕು ಸರ್."

"ಯಾರು ನೋಡಿದ್ರು? ಪುಸ್ತಕದ ಪ್ರಕಾರ ಇವತ್ತು ಬೆಳಿಗ್ಗೆವರೆಗೂ ನಾಲ್ಕೇ ಇದೆ."

"ಥರ್ಮಾಮೀಟರು ಹಾಗೆ ಹೇಳ್ತಿಲ್ವಲ್ಲ ಸರ್."

"ಥರ್ಮಾಮೀಟರನ್ನ ಯಾರೂ ಮೇಲಿನ ಆಫೀಸಿಗೆ ತರಿಸಿ ನೋಡಲ್ಲ ಸಿಸ್ಟರ್. ಪುಸ್ತಕ ತರಿಸ್ತಾರೆ." ಡಾಕ್ಟರು ದನಿ ತಗ್ಗಿಸಿದರು. "ಬಿಸಿಯಾದ ಲಸಿಕೆ ಹಾಕಿದ್ರೆ ಮಗೂಗೆ ಏನೂ ಆಗಲ್ಲ, ನಿಮಗೇ ಗೊತ್ತು."

"ಅದೇ ಸರ್. ಏನೂ ಆಗಲ್ಲ. ನಾಳೆ ರೋಗ ಬಂದ್ರೆ ತಡೆಯೋದೂ ಇಲ್ಲ."

"ನಿಮ್ಮ ಸರ್ವೀಸ್ ಇನ್ನು ಎರಡು ವರ್ಷ ಇದೆ. ಯೋಚನೆ ಮಾಡಿ." ಡಾಕ್ಟರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಲಸಿಕೆ ಹಾಕಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಆ ಜಾಣತನಕ್ಕೆ ಅವಳ ಮೈಯೆಲ್ಲ ಉರಿಯಿತು.

ಟ್ರೇಯಲ್ಲಿ ಸಿರಿಂಜುಗಳನ್ನು ಜೋಡಿಸಿದಳು, ಮತ್ತೆ ಡಬ್ಬಿಗೆ ತುಂಬಿದಳು. ಬಾಗಿಲ ತನಕ ಹೋದಳು, ವಾಪಸ್ಸು ಬಂದಳು. ಹೊರಗೆ ಯಾವುದೋ ಮಗು ಕೇಕೆ ಹಾಕಿ ನಕ್ಕಿತು. ಅದನ್ನು ಕೇಳಿ ಅವಳಿಗೆ ತಡೆಯಲಾಗಲಿಲ್ಲ. ಪೆನ್ನು ತೆಗೆದು, ನಿನ್ನೆ ಸಂಜೆಯಿಂದ ಶನಿವಾರದವರೆಗಿನ ನಾಲ್ಕುಗಳನ್ನೆಲ್ಲ ಹೊಡೆದುಹಾಕಿದಳು. ಇಂದಿನ ಬೆಳಗಿನ ಸಾಲಿನಲ್ಲಿ ಇಪ್ಪತ್ತಮೂರು ಎಂದು ಬರೆದು ಪುಸ್ತಕವನ್ನು ಬಿಚ್ಚಿ ಕೈಯಲ್ಲಿ ಹಿಡಿದೇ ಹೊರಗೆ ಬಂದಳು.

"ಇವತ್ತು ಲಸಿಕೆ ಹಾಕಲ್ಲ. ಫ್ರಿಜ್ ಆಫ್ ಆಗಿ ಎಲ್ಲಾ ಕೆಟ್ಟಿದೆ. ನೋಡ್ಕೋಬೇಕಾದೋಳು ನಾನು, ನೋಡ್ಲಿಲ್ಲ. ಹೊಸದು ತರಿಸಿ ಹೇಳಿ ಕಳಿಸ್ತೀನಿ."

ಗೊಣಗಾಟ ಎದ್ದಿತು. ಕೆಲಸ ಬಿಟ್ಟು ಬಂದವಳೊಬ್ಬಳು ಮುಖಕ್ಕೆ ಹೊಡೆದಂತೆ ಬೈದಳು. ಬೈಸಿಕೊಳ್ಳುತ್ತಾ ನಿಂತ ದೊಡ್ಡ ಸಿಸ್ಟರಿಗೆ ಬೆಳಗಿನಿಂದ ಮೊದಲ ಸಲ ಉಸಿರು ಸಲೀಸಾಯಿತು. ಒಬ್ಬೊಬ್ಬರಾಗಿ ಎದ್ದು ಹೋದರು. ಅವಳಿಗಳ ತಾಯಿ ಮಾತ್ರ ಎರಡು ಕಂಕುಳಲ್ಲೂ ಮಕ್ಕಳನ್ನಿಟ್ಟುಕೊಂಡು ಹತ್ತಿರ ಬಂದಳು.

"ಇದ್ದದ್ದು ಇದ್ದ ಹಾಗೆ ಹೇಳಿದ್ರಲ್ಲ ಅಕ್ಕಾ, ಒಳ್ಳೇದಾಯ್ತು" ಎಂದಳು. ಎರಡು ಹೆಜ್ಜೆ ಹೋದವಳು ತಿರುಗಿದಳು. "ಹೋದ ತಿಂಗಳು ಹಾಕಿದ್ರಲ್ಲ, ಅದು ಚೆನ್ನಾಗಿತ್ತು ತಾನೇ?"

ಹೂಂ ಎನ್ನಲು ಹೊರಟ ದೊಡ್ಡ ಸಿಸ್ಟರ್ ಪುಸ್ತಕದ ಪುಟ ಹಿಂದಕ್ಕೆ ತಿರುಗಿಸಿದಳು. ಹೋದ ತಿಂಗಳು, ಅದರ ಹಿಂದಿನ ತಿಂಗಳು, ಹೋದ ವರ್ಷ. ಎಲ್ಲ ಪುಟದಲ್ಲೂ ನಾಲ್ಕು ಡಿಗ್ರಿ, ಅದೇ ದುಂಡಗಿನ ಅಕ್ಷರ.