ಕಸದ ಗಂಟು

“ಗಂಟು ಬಿಚ್ಚಬೇ ಯವ್ವಾ,” ಎಂದರು ಪಂಪಾಪತಿ.

ಅವರೂ ಸೇರಿ ಓಣಿಯ ತೋಟದ ಹನ್ನೆರಡು ಮಂದಿ ಸ್ವಯಂಸೇವಕರು ಸುತ್ತ ನಿಂತಿದ್ದರು. ಮೂವರು ವಿಡಿಯೊ ಮಾಡುತ್ತಿದ್ದರು. ದಿನಾ ತೋಟಕ್ಕೆ ಬಂದುಹೋಗುವ ಶೇಖಮ್ಮ ತಲೆ ಮೇಲಿನ ಗಂಟು ಇಳಿಸಿ ನಿಧಾನವಾಗಿ ಬಿಚ್ಚಿದಳು. ಒಳಗೆ ಟೊಮೆಟೊ ಇರಲಿಲ್ಲ. ಬದನೆಕಾಯಿ ಇರಲಿಲ್ಲ. ಇದ್ದದ್ದು ಬರೀ ಕಸ. ಬೇರು ಮುರಿದು, ಮಣ್ಣು ಕೊಡವಿ, ಒಪ್ಪವಾಗಿ ಜೋಡಿಸಿದ ಹಸಿರು ಕಸ.

“ಆರು ಟೊಮೆಟೊ ಎಲ್ಲಿ ಹೋದ್ವು ಹಂಗಾರ?” ಎಂದ ವಿರೇಶ, ಎಲ್ಲರಿಗಿಂತ ಜೋರಾಗಿ. ಆ ಆರೂ ಅವನ ಪ್ರೊಫೈಲ್ ಫೋಟೊದಲ್ಲಿ ಅವನ ಅಂಗೈ ಮೇಲೇ ಕೂತಿದ್ದವು. ಅದನ್ನು ಯಾರೂ ಗಮನಿಸಿರಲಿಲ್ಲ. ಲೈಕ್ ಮಾತ್ರ ಎಲ್ಲರೂ ಕೊಟ್ಟಿದ್ದರು.

“ಇಷ್ಟು ಕಸ ಯಾತಕ್ಕ ನಿನಗ?” ಪಂಪಾಪತಿ ಕೇಳಿದರು.

“ತಿನ್ನಾಕ್ರಿ.”

“ಎಷ್ಟು ಆಡು ಸಾಕೀ?”

ಶೇಖಮ್ಮ ಹನ್ನೆರಡೂ ಮುಖಗಳನ್ನು ಒಂದೊಂದಾಗಿ ನೋಡಿದಳು. “ಇಪ್ಪತ್ತೆರಡ್ರಿ. ದಿನಾ ಬೇಕಂತಾವ.”

ಎಲ್ಲರೂ ನಕ್ಕರು. ಪುಕ್ಕಟೆಯಾಗಿ ಕಸ ತೆಗೆಯುವವಳು ಸಿಕ್ಕರೆ ಯಾರು ಬೇಡ ಅಂತಾರೆ? ಗಂಟು ಕಟ್ಟಿಕೊಂಡು ಹೋಗಲು ಬಿಟ್ಟರು.

ಸಿಂಧನೂರಿನ ರೈಸ್ ಮಿಲ್ಲಿನ ಹಿಂದಿನ ಓಣಿಯದು ಈ ತೋಟ. ಖಾಲಿ ಬಿದ್ದಿದ್ದ ಜಾಗವನ್ನು ನಗರಸಭೆ ಒಂದು ವರ್ಷಕ್ಕೆ ಬಿಟ್ಟುಕೊಟ್ಟಿತ್ತು. ಷರತ್ತು ಒಂದೇ: ಇಲ್ಲಿ ಬೆಳೆದದ್ದು ಅಕ್ಕಪಕ್ಕದ ಮನೆಗಳಿಗೆ ಮುಟ್ಟಬೇಕು. ಇಲ್ಲದಿದ್ದರೆ ಜಾಗ ವಾಪಸ್. ಅದು ಗಾಡಿ ನಿಲ್ಲಿಸುವ ಸ್ಟ್ಯಾಂಡಿಗೆ ಹೋಗುತ್ತದೆ. ಅದರ ಜೊತೆ ಗೇಟಿನ ಮೇಲಿನ ‘ಸಂಸ್ಥಾಪಕ ಅಧ್ಯಕ್ಷರು: ಪಂಪಾಪತಿ’ ಎಂಬ ಬೋರ್ಡೂ ಹೋಗುತ್ತದೆ. ಪಂಪಾಪತಿಯವರಿಗೆ ನಿದ್ದೆ ಬಾರದಿದ್ದದ್ದು ಆ ಬೋರ್ಡಿನ ಚಿಂತೆಗೆ.

ಸೇವೆಗೇನೂ ಕೊರತೆ ಇರಲಿಲ್ಲ. ಪ್ರತಿ ಭಾನುವಾರ ಹನ್ನೆರಡೂ ಮಂದಿ ಹಾಜರು. ಇದ್ದದ್ದು ಒಂದೇ ಸಲಿಕೆ. ಅದು ಕೈಯಿಂದ ಕೈಗೆ ಹೋಗುತ್ತಿತ್ತು, ಪ್ರತಿ ಕೈಯಲ್ಲೂ ಒಂದು ಫೋಟೊ ಆಗುವವರೆಗೆ. ಟೊಮೆಟೊ, ಬದನೆ ಹಾಕಿದ್ದರು, ಆನ್‌ಲೈನಿನಲ್ಲಿ ಬೀಜ ತರಿಸಿ ಬ್ರೊಕೊಲಿಯನ್ನೂ ಹಾಕಿದ್ದರು. ಸಿಂಧನೂರಿನ ಬಿಸಿಲು ಎಲ್ಲವನ್ನೂ ನೋಡಿತು. ಈಗ ಉಳಿದದ್ದು ನಾಲ್ಕು ಬ್ರೊಕೊಲಿ ಗಿಡ, ನಾಲ್ಕಕ್ಕೂ ಒಂದೊಂದು ನಾಮಫಲಕ.

ಫೋಟೊ ಮುಗಿದ ಮೇಲೆ ಊಟ. ಅವತ್ತು ಹನ್ನೆರಡು ಡಬ್ಬಿ ತೆರೆದವು. ಹನ್ನೆರಡರಲ್ಲೂ ರೊಟ್ಟಿ, ಹನ್ನೆರಡರಲ್ಲೂ ಬೇಳೆ ಹಾಕಿದ ಒಂದೇ ಸೊಪ್ಪಿನ ಪಲ್ಯ.

“ಏನ್ರಿ ಇದು, ಎಲ್ಲಾರ ಮನ್ಯಾಗೂ ಇದ ಪಲ್ಲೆ?” ಎಂದ ವಿರೇಶ.

“ಸಂತ್ಯಾಗ ಸೋವಿ ರೇಟಿಗೆ ಬಂದಿರಬೇಕು ಬಿಡಲೇ. ರುಚಿ ಐತಿಲ್ಲೋ? ಸುಮ್ನ ತಿನ್ನು,” ಎಂದರು ಪಂಪಾಪತಿ, ಬೆರಳು ನೆಕ್ಕುತ್ತ.

ಊಟದ ನಡುವೆಯೇ ಸುದ್ದಿ ಬಂತು. ನಗರಸಭೆಯ ಭಾರತಿ ಮೇಡಂ ಮಂಗಳವಾರ ತಪಾಸಣೆಗೆ ಬರುತ್ತಾರೆ.

ಪಂಪಾಪತಿ ತೋಟವನ್ನು ಮೊದಲ ಸಲ ಸರಿಯಾಗಿ ನೋಡಿದರು. ನಾಲ್ಕು ಬ್ರೊಕೊಲಿ, ಉಳಿದಂತೆ ಮೊಣಕಾಲೆತ್ತರದ ಕಸ. ಶೇಖಮ್ಮ ಎಷ್ಟು ಕಿತ್ತರೂ ಅದು ಮತ್ತೆ ಚಿಗುರುತ್ತಿತ್ತು.

“ಮರ್ಯಾದಿ ಹೋಗ್ತದ. ಎಣ್ಣಿ ಹೊಡದ್ ಬಿಡೂಣು,” ಎಂದರು.

ಎಣ್ಣೆ ಅಂದರೆ ಕಸ ಸಾಯಿಸುವ ಔಷಧಿ. ಓಣಿಯವರೆಲ್ಲ ಜವಳಗೇರಾ ಕಡೆ ಗದ್ದೆ ಇದ್ದವರು. ಭತ್ತ ಅಲ್ಲದ್ದೆಲ್ಲ ಕಸ, ಕಸ ಕಂಡರೆ ಎಣ್ಣೆ, ಅಷ್ಟೇ ಲೆಕ್ಕ. ಮಂಗಳವಾರ ಬೆಳಿಗ್ಗೆ ಮನೆಮನೆಯಿಂದ ಪಂಪುಗಳು ಬಂದವು. ಬ್ರೊಕೊಲಿಗೆ ಬಕೆಟ್ ಬೋರಲು ಹಾಕಿದರು. ವರ್ಷದಲ್ಲಿ ಮೊದಲ ಬಾರಿ ಹನ್ನೆರಡೂ ಮಂದಿ ನಿಜವಾಗಿ ಬೆವತರು. ಎಂಥ ವಿಚಿತ್ರ, ಒಬ್ಬನೂ ಫೋಟೊ ತೆಗೆಯಲಿಲ್ಲ.

ಗೋಡೆಯ ಆಚೆಯಿಂದ ಶೇಖಮ್ಮ ಇಣುಕಿದಳು. ಬಗಲಲ್ಲಿ ನಸುಕಿನಲ್ಲೇ ಕಿತ್ತ ಗಂಟಿತ್ತು.

“ಒಂದೂ ಬಿಡದಂಗ ಹೊಡದ್ರೇನ್ರಿ ಸಾವ್ಕಾರ್ರ?”

“ಒಂದೂ ಬಿಟ್ಟಿಲ್ಲ. ಇನ್ನ ನಿನ್ನ ಆಡು ಬ್ಯಾರೆ ಕಡೆ ಮೇಯಲಿ.”

ಶೇಖಮ್ಮ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. “ಪಾಪ,” ಎಂದಳು. “ಅವಕ್ಕ ಏನೂ ಗೊತ್ತಾಗಂಗಿಲ್ರಿ.”

ಮಧ್ಯಾಹ್ನದ ಹೊತ್ತಿಗೆ ತೋಟವೆಲ್ಲ ಬಾಡಿ ಮಲಗಿತ್ತು. ಪಂಪಾಪತಿ ಸೋಪು ಹಚ್ಚಿ ಎರಡು ಸಲ ಸ್ನಾನ ಮಾಡಿ ಊಟಕ್ಕೆ ಕೂತರು. ಹೆಂಡತಿ ಕಸ್ತೂರೆಮ್ಮ ಬಿಸಿ ರೊಟ್ಟಿ ಹಾಕಿ, ಪಲ್ಯ ಬಡಿಸಿದಳು. ಅದೇ ಪಲ್ಯ. ಎರಡನೇ ಸಲ ಹಾಕಿಸಿಕೊಳ್ಳುವಾಗ ಫೋನು ಗುಂಯ್ ಎಂದಿತು. ಭಾರತಿ ಮೇಡಂ ಮೆಸೇಜು.

‘ಅಧ್ಯಕ್ಷರೇ, ಬೆಳಿಗ್ಗೆ ನೀವು ತೋಟದಲ್ಲಿದ್ದಾಗ ನಿಮ್ಮ ಓಣಿಯ ಮನೆಗಳಲ್ಲಿ ವಿಚಾರಿಸಿದೆ. ಇಪ್ಪತ್ತೆರಡು ಮನೆಯ ಹೆಣ್ಣುಮಕ್ಕಳೂ ನಿಮ್ಮ ತೋಟದ ಬೆಳೆ ತಿಂದೇ ವರ್ಷ ಕಳೆದೆವು ಅಂದರು. ಬಹಳ ಸಂತೋಷ. ನಾಲ್ಕು ಗಂಟೆಗೆ ಆ ಬೆಳೆಯನ್ನು ಕಣ್ಣಾರೆ ನೋಡಿ, ಜಾಗ ನಿಮಗೇ ಅಂತ ಬರೆದು ಹೋಗುತ್ತೇನೆ.’

ಪಂಪಾಪತಿ ಮೆಸೇಜನ್ನು ಮೂರು ಸಲ ಓದಿದರು. ಹಿಗ್ಗಬೇಕೋ ಹೆದರಬೇಕೋ ತಿಳಿಯಲಿಲ್ಲ.

“ಲೇ ಕಸ್ತೂರಿ, ಮೇಡಂಗ ಏನು ಸುಳ್ಳು ಹೇಳೀರಿ? ನಮ್ಮ ತೋಟದಾಗ ಏನು ಬೆಳದದ ಅಂತ?”

“ಸುಳ್ಳ್ಯಾಕ ಹೇಳೂಣ್ರಿ? ನೀವು ಪಲ್ಲೆ ಎಲ್ಲಿಂದ ಬಂತು ಅಂತ ಒಂದಿನಾರ ಕೇಳೀರಿ?” ಕಸ್ತೂರೆಮ್ಮ ಮೂರನೇ ಸೌಟು ತಾಟಿಗೆ ಸುರಿದಳು. “ಕಿರಕಸಾಲಿ ಸೊಪ್ಪು ಇದು, ನೀವು ಕಸ ಅಂತೀರಲ್ಲ ಅದ, ನಿಮ್ಮ ತೋಟದ್ದ. ಶೇಖವ್ವ ದಿನಾ ಓಣಿಗೆಲ್ಲಾ ಹಂಚ್ತಾಳ. ಇವತ್ತ ಮಾತ್ರ, ‘ನಾಳಿಂದ ಆಡಿಗೆ ಮೇವಿಲ್ಲ’ ಅಂದು ನಕ್ಕೋತ ಹೋದ್ಲು, ಯಾರ ಮನಿ ಆಡೋ ಏನೋ.”