ಉಜ್ಜಿ ತೊಳೆದ ಬಣ್ಣದ ಪೆಟ್ಟಿಗೆ

ಪೆಟ್ಟಿಗೆಯ ಮುಚ್ಚಳ ತೆರೆದ ವಿಶಾಲ್ ಹಾಗೇ ನಿಂತುಬಿಟ್ಟ. ಸುಗುಣ ಅವನ ಮುಖವನ್ನೇ ನೋಡುತ್ತಿದ್ದಳು. ಯಕ್ಷಗಾನ ಮೇಳದಲ್ಲಿ ವೇಷ ಕಟ್ಟುತ್ತಿದ್ದ ಅವಳ ಗಂಡ ಸೂರಣ್ಣನ ಬಣ್ಣದ ಪೆಟ್ಟಿಗೆ ಅದು. ಅವನು ತೀರಿಕೊಂಡ ಮೇಲೆ ಸಾಲಿಗ್ರಾಮದಲ್ಲಿ ಅವನ ಹೆಸರೆತ್ತುವವರೇ ಇರಲಿಲ್ಲ. ಹಳೆಯ ವಸ್ತುಗಳನ್ನು ಕೂಡಿಡುವ ಈ ಕುಂದಾಪುರದ ಹುಡುಗ, ಪೆಟ್ಟಿಗೆಯನ್ನು ಗಾಜಿನ ಕಪಾಟಿನಲ್ಲಿಟ್ಟು ಕೆಳಗೆ ಸೂರಣ್ಣನ ಹೆಸರು ಬರೆಸುತ್ತೇನೆಂದು ಕಳೆದ ವಾರ ಅದನ್ನು ನೋಡಿ ಹೇಳಿ ಹೋಗಿದ್ದ; ಇವತ್ತು ಒಯ್ಯಲು ಬಂದಿದ್ದ.

“ಅಮ್ಮಾ, ಇಲ್ಲಿದ್ದ ಬೆರಳಿನ ಗುರ್ತೆಲ್ಲ ಎಲ್ಲ್ ಹೋಯ್ತ್?”

“ನಿನ್ನೆ ಕೂಕಂಡ್ ಉಜ್ದೆ ಮಾರಾಯ. ಮುಖಕ್ ಬಳ್ದ್ ಉಳ್ದ ಬಣ್ಣ ಮುಚ್ಚಳಕ್ಕೇ ಒರ್ಸುದ್ ಅವ್ರ್ ಚಾಳಿ. ಎಷ್ಟ್ ಬೈದ್ರೂ ಕೇಂತೇ ಇರ್ಲಿಲ್ಲ. ಅಷ್ಟ್ ಗಲೀಜ್ ಪೆಟ್ಟಿಗೆ ಬೇರೆಯವ್ರ್ ಮನಿಗೆ ಕಳ್ಸುದಾ? ವಾರ್ನಿಷೂ ಹೊಡ್ದೆ. ಹೊಸತ್ರಂಗೆ ಕಾಂತಿಲ್ಯಾ?”

ವಿಶಾಲ್ ಮೆತ್ತಗೆ ಮುಚ್ಚಳ ಹಾಕಿದ. “ಹೊಸ ಪೆಟ್ಟಿಗೆ ಯಾವ ಆಚಾರಿ ಹತ್ರ ಬೇಕಾರೂ ಸಿಕ್ಕತ್ತ್ ಅಮ್ಮಾ. ಆ ಬೆರಳ್ ಗುರ್ತ್ ಮಾತ್ರ ಅವ್ರದ್ದ್ ಆಗಿತ್.” ಕೊಟ್ಟ ಚಾ ಹಾಗೇ ಬಿಟ್ಟು, ಬರಿಗೈಯಲ್ಲಿ ಹೊರಟುಹೋದ.

ಬೈಕಿನ ಸದ್ದು ಹೆದ್ದಾರಿಯಲ್ಲಿ ಅಡಗುವವರೆಗೂ ಸುಗುಣ ಕದಲಲಿಲ್ಲ. ಆಮೇಲೆ ಸರಸರನೆ ಹಿತ್ತಿಲಿನ ಒಗೆಯುವ ಕಲ್ಲಿನ ಬಳಿ ಹೋದಳು. ಪೆಟ್ಟಿಗೆ ಉಜ್ಜಿ ಎಸೆದಿದ್ದ ತೆಂಗಿನ ನಾರು ಅಲ್ಲೇ ಇತ್ತು, ಇನ್ನೂ ಕೆಂಪಗೆ. ಹಿಂಡಿದಾಗ ಬೆರಳಿಗೆ ಬಣ್ಣ ಹತ್ತಿತು. ಒಳಗೆ ಬಂದು ಮುಚ್ಚಳ ತೆರೆದಳು. ಗಂಡ ಬಣ್ಣ ಒರೆಸುತ್ತಿದ್ದ ಜಾಗದಲ್ಲೇ ಬೆರಳು ಊರಲೆಂದು ಚಾಚಿದ ಕೈ ಅರ್ಧಕ್ಕೇ ನಿಂತಿತು.

ಅವು ಅವಳ ಬೆರಳುಗಳು.